ನೋಯದ ಎದೆ

ತಣ್ಣಗೆ ಏನೋ ಮಣಿಕಟ್ಟಿನ ಮೇಲೆ ಹರಿಯುತ್ತಿದೆ, ಔಷಧಿಯ ನೀರಿರಬೇಕು, ಈಗಷ್ಟೇ ಅಲ್ಲಿ ಕೂದಲು ಬೋಳಿಸಿದ ಆಸ್ಪತ್ರೆಯವನು, ಎಂಥ ಕೈಯಪ್ಪಾ ಅವನದು, ನನ್ನ ಸಲೂನಿನಲ್ಲಾಗಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದೆ — ಇಷ್ಟು ವರ್ಷ ಕಂಡವರ ತಲೆ ಬೋಳಿಸಿದವನಿಗೆ ಇವತ್ತು ಕೈ ಬೋಳಿಸುವವರು ಸಿಕ್ಕರು, ಅಲುಗಾಡಬೇಡಿ ಅನ್ನುತ್ತಾರೆ ಡಾಕ್ಟರಮ್ಮ, ಅಯ್ಯೋ ತಾಯಿ, ಅದು ನನ್ನ ಮಾತು, ಬೆಳಗ್ಗೆ ಹೆಡ್‌ಮಾಸ್ಟರಿಗೂ ಅದನ್ನೇ ಹೇಳಿದ್ದೆ, ಅವರ ಗಡ್ಡ ಅರ್ಧ ಮುಗಿದಿತ್ತು, ಫ್ಯಾನಿನ ಕೆಳಗೇ ನನಗೆ ದಳದಳ ಬೆವರು, ದವಡೆ ಕಲ್ಲು ಕಟ್ಟಿದ ಹಾಗೆ ಭಾರ, ಎದೆನೋವು ಮಾತ್ರ ಸಾಸಿವೆ ಕಾಳಿನಷ್ಟೂ ಇಲ್ಲ, ಪಕ್ಕದ ಕುರ್ಚಿಯಲ್ಲಿ ಕುಸಿದೆ, ಏನಯ್ಯಾ ನನ್ನನ್ನ ಅರ್ಧಕ್ಕೇ ಬಿಟ್ಟು ನಿದ್ದೆ ಹೊಡೀತೀಯಾ ಎಂದು ತಿರುಗಿದವರು ನನ್ನ ಮುಖ ನೋಡಿ ಎದ್ದೇಬಿಟ್ಟರು, ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆ ತುಂಬ ನೊರೆ, ಹಾಗೇ ನನ್ನನ್ನು ಕಾರಿಗೆ ಹಾಕಿಕೊಂಡು ಓಡಿಸಿದರು, ಸಿಗ್ನಲ್ಲಿನಲ್ಲಿ ಜನ ನಕ್ಕರು, ನನಗೂ ನಗು ಬಂತು, ಹೃದಯಾಘಾತವಂತೆ, ಯಾರಿಗೆ ಗೊತ್ತಿತ್ತು —

ಹೃದಯಾಘಾತ ಅಂದರೆ ಭಾವನದು, ಹೆಂಡತಿಯ ಅಣ್ಣ, ಹೋದ ವರ್ಷ ಅಮ್ಮಾ ಎಂದು ಅವರು ಕೂಗಿದ್ದಕ್ಕೆ ಇಡೀ ಬೀದಿ ಬಂದು ನಿಂತಿತ್ತು, ಸಿಗರೇಟು ಬಿಡದ ಮನುಷ್ಯ, ಕೊನೆಗೆ ನೋಡಿದರೆ ಒಂದೇ ಒಂದು ಬ್ಲಾಕ್, ನನಗೆ ಬೀಡಿಯಿಲ್ಲ ಸಿಗರೇಟಿಲ್ಲ, ಇದ್ದದ್ದು ಸಕ್ಕರೆ ಕಾಯಿಲೆ, ಅದೂ ಪಾಪ ತನ್ನ ಪಾಡಿಗೆ ತಾನಿದೆ ಎಂದುಕೊಂಡಿದ್ದೆ — ನೋಡಿ ಯಜಮಾನ್ರೇ, ಮಣಿಕಟ್ಟಿನಿಂದ ಎದೆಯವರೆಗೆ ನಳಿಗೆ ತೂರಿಸಿ ಡಾಕ್ಟರಮ್ಮ ಪರದೆ ತೋರಿಸುತ್ತಾರೆ, ಮೂರು ರಕ್ತನಾಳಾನೂ ಕಿರಿದಾಗಿವೆ, ಒಂದು ಜಾಗದಲ್ಲಲ್ಲ, ಉದ್ದಕ್ಕೂ, ಸಕ್ಕರೆ ಕಾಯಿಲೆ ಇರೋರಲ್ಲಿ ಹೀಗಾಗೋದು ಜಾಸ್ತಿ, ನರಗಳೂ ಮಂಕಾಗಿರ್ತವೆ, ಅದಕ್ಕೇ ನಿಮಗೆ ನೋವು ಗೊತ್ತಾಗ್ಲಿಲ್ಲ — ಬೂದಿ ಮುಚ್ಚಿದ ಕೆಂಡ, ನಾನು ಬೂದಿಯ ಮೇಲೆ ಕಾಲು ಚಾಚಿ ಕೂತಿದ್ದೆ — ಆದರೂ ಮೂರು! ಭಾವನಿಗೆ ಒಂದು, ನನಗೆ ಮೂರು, ಮದುವೆಯಾದಾಗಿನಿಂದ ಎಲ್ಲದರಲ್ಲೂ ಅವರದೇ ಒಂದು ಕೈ ಮೇಲೆ, ಇದರಲ್ಲಾದರೂ ಗೆದ್ದೆನಲ್ಲ, ಹೆಂಡತಿಗೆ ಹೇಳಬೇಕು, ಅಣ್ಣನ ಪಕ್ಷ ಬಿಡದವಳು ಈಗೇನನ್ನುತ್ತಾಳೋ — ಒಳಗೆ ತರುವಾಗ ಬಾಗಿಲಲ್ಲಿ ಕೇಳಿದಳಲ್ಲ, ಉಳೀತಾರಾ ಡಾಕ್ಟ್ರೇ, ನನ್ನನ್ನು ಗದರಿಸುವ ಅದೇ ಗಂಟಲು, ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ, ತಮಾಷೆ ನಾಲಿಗೆಯ ಮೇಲೇ ಒಣಗುತ್ತಿದೆ, ಪೂರ್ತಿ ಮುಚ್ಚಿರೋ ಒಂದನ್ನ ಈಗ ತೆರೀತೀವಿ, ಡಾಕ್ಟರಮ್ಮ ಅನ್ನುತ್ತಾರೆ, ಉಳಿದ ಎರಡಕ್ಕೆ ಆಮೇಲೆ ಆಪರೇಷನ್ ಬೇಕಾಗ್ಬಹುದು, ಧೈರ್ಯವಾಗಿರಿ, ಆಗಲಿ ತಾಯಿ, ನಿಮ್ಮ ಕೈ ಹಗುರ, ಅದು ನನಗೆ ಗೊತ್ತಾಗುತ್ತದೆ — ಪರದೆಯಲ್ಲಿ ಕಪ್ಪು ಗೆರೆಯೊಂದು, ಅದೇ ನನ್ನ ರಕ್ತನಾಳವಂತೆ, ಮೊಟಕಾಗಿ ನಿಂತಿದೆ, ಅದರಾಚೆ ಬರೀ ಖಾಲಿ, ನಾಳದೊಳಗೆ ಪುಟ್ಟ ಬಲೂನು ಉಬ್ಬಿ ದಾರಿ ಬಿಡಿಸುತ್ತದಂತೆ, ಉಸಿರು ಬಿಗಿ ಹಿಡಿದೆ, ಅಯ್ಯೋ, ಓಡಿತು, ಸರ್ರನೆ ಓಡಿತು ಗೆರೆ, ಕವಲೊಡೆಯಿತು, ಕವಲಿಗೆ ಕವಲು, ಖಾಲಿಯಿದ್ದ ಕಡೆಯೆಲ್ಲ — ಇನ್ನೊಂದ್ಸಲ ತೋರಿಸ್ತೀರಾ ತಾಯಿ, ಆಗಲಿ ಎಂದು ಅವರು ನಗುತ್ತಾರೆ — ಖಾಲಿ, ಆಮೇಲೆ ಗೆರೆ, ಕವಲೊಡೆಯುತ್ತ ಓಡುವ ಗೆರೆ — ಖಾಲಿ, ಆಮೇಲೆ ಆ ಗೆರೆ —