ಒಂದರ ಹಿಂದೆ ಇನ್ನೊಂದು

"ಅಕ್ಕಾ, ಕೂತ್ಕೋ, ಬೀಳ್ತೀಯ" ಎಂದು ತಮ್ಮ ರಟ್ಟೆ ಹಿಡಿದು ಎಳೆದರೂ ಅವಳು ಕೂರಲಿಲ್ಲ. ವ್ಯಾನಿನಿಂದ ಇಳಿಸಿ ಕಟ್ಟೆಯ ಮೇಲಿಟ್ಟಿದ್ದ ಗಂಡನ ಶವದ ಪಕ್ಕ ನಿಂತು ಚಿತಾಗಾರದ ಅಂಗಳವನ್ನೇ ನೋಡುತ್ತಿದ್ದಳು. ಅಂಗಳ ತುಂಬಿತ್ತು. ಗೇಟಿನಾಚೆಗೂ ಜನ.

"ನೋಡೋ, ಎಷ್ಟು ಜನ ಬಂದಿದಾರೆ."

"ಬರ್ದೆ ಏನು? ಭಾವ ಯಾರಿಗೆ ಕೆಟ್ಟದ್ದು ಮಾಡಿದ್ರು?"

ಅವಳ ಎದೆಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ ಕಲ್ಲು ಸ್ವಲ್ಪ ಅಲುಗಿತು.

*

ಆಕಾಶದಾಳದ ಗೆಲಾಕ್ಸಿಗಳ, ಅಂದರೆ ನಕ್ಷತ್ರಲೋಕಗಳ, ಗೊಂಚಲನ್ನು ತೂಗುವುದು ಗಂಡನ ಕೆಲಸ. ಯಾವ ತಕ್ಕಡಿಯಲ್ಲಿ ಎಂದು ಮದುವೆಯಾದ ಹೊಸದರಲ್ಲಿ ಅವಳು ಚುಡಾಯಿಸಿದ್ದಳು. ಗೊಂಚಲು ಭಾರವಿದ್ದಷ್ಟೂ ಅದರ ಹಿಂದಿನಿಂದ ಬರುವ ಬೆಳಕು ಹೆಚ್ಚು ಬಾಗುತ್ತದೆ, ಆ ಬಾಗನ್ನು ಅಳೆದರೆ ತೂಕ ಸಿಗುತ್ತದೆ ಎಂದಿದ್ದರು. ಒಂದೇ ಒಂದು ಗೊಂಚಲಿಗೆ ಅರ್ಧ ಆಯಸ್ಸು ಸುರಿದರು. ಅಷ್ಟು ಭಾರದ್ದು ಇನ್ನೊಂದಿಲ್ಲವೆಂದು ಬಲ್ಲವರೆಲ್ಲ ಕೊಂಡಾಡಿದರು. ಅವರು ಕೆಲಸ ಮಾಡುತ್ತಿದ್ದ ಖಗೋಳ ಸಂಸ್ಥೆಯಲ್ಲಿ ಅವರಿಗೊಂದು ತಂಡವಾಯಿತು. ಮನೆಗೆ ಬರುವವರಿಗೆ ಚಹಾ ಮಾಡಿ ಮಾಡಿ ಅವಳ ಕೈ ಸೋಲುತ್ತಿತ್ತು.

ಒಂದು ಸಂಜೆ ಅವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದರು.

"ಆ ಗೊಂಚಲು ಒಂದಲ್ಲ ಕಣೇ, ಎರಡು. ಒಂದರ ಹಿಂದೆ ಇನ್ನೊಂದು ನೇರಕ್ಕೆ ನಿಂತಿದೆ. ಒಂದಕ್ಕೊಂದು ಸಂಬಂಧಾನೇ ಇಲ್ಲ. ಎರಡರ ಭಾರಾನೂ ನಾನು ಒಂದರ ತಲೆಗೇ ಕಟ್ಟಿದೀನಿ."

"ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಾಗಾದ್ರೆ ಬಾಯ್ಮುಚ್ಕೊಂಡಿರಿ."

"ಅದ್ಹೇಗಾಗುತ್ತೆ? ನನ್ನ ಲೆಕ್ಕ ನಂಬ್ಕೊಂಡು ಎಷ್ಟು ಜನ ಕೆಲಸ ಮಾಡ್ತಿದಾರೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಹೇಳಿ, ಹೋಗಿ ಹೇಳಿ. ಆಮೇಲೆ ನೀವು ಸತ್ರೂ ಒಂದು ನರಪಿಳ್ಳೆ ಬರಲ್ಲ."

ಅವರು ಹೇಳಿದರು. ತಂಡ ಚದುರಿತು, ಮನೆಯ ಕರೆಗಂಟೆ ಸುಮ್ಮನಾಯಿತು. ಆಡಿದ ಮಾತಿಗೆ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಅಂದುಕೊಂಡಳು, ಬಾಯಿ ಬರಲಿಲ್ಲ.

*

ಗೇಟಿನಲ್ಲಿ ಇನ್ನೊಂದು ಶವದ ವ್ಯಾನು ಹಾರ್ನ್ ಹೊಡೆಯಿತು. ಅಂಗಳದ ಜನ ಕಾಯುತ್ತಿದ್ದದ್ದು ಅದನ್ನೇ. ಹಿಂಡು ಹಿಂಡಾಗಿ ಎಲ್ಲರೂ ಅತ್ತ ನಡೆದರು. ಅಲ್ಲಿ ಯಾರೋ ಹೋ ಎಂದು ಅತ್ತರು.

ತಮ್ಮನನ್ನು ಬಿಟ್ಟರೆ ಇತ್ತ ಉಳಿದವನು ಒಬ್ಬನೇ. ಒಂದು ಕಾಲದಲ್ಲಿ ತಂಡದಲ್ಲಿದ್ದ, ಗಂಡ ಉದ್ದಣ್ಣ ಎಂದು ಕರೆಯುತ್ತಿದ್ದ ಸಹೋದ್ಯೋಗಿ.

"ಬೇರೆಯವ್ರು?" ಎಂದು ಅವಳು ಕೇಳಿದಳು.

ಉದ್ದಣ್ಣ ನೆಲ ನೋಡಿದ. "ಎಲ್ರಿಗೂ ಹೇಳಿದ್ದೆ ಅಮ್ಮಾ."

ತನ್ನ ನಾಲಗೆಗೆ ಬೆಂಕಿ ಬೀಳಲಿ ಎಂದು ಅವಳಿಗೆ ಅನಿಸಿತು.

"ನಿಮ್ಮದೇ ಮೊದಲು, ತನ್ನಿ" ಎಂದು ಚಿತಾಗಾರದವನು ಬಾಗಿಲಿನಿಂದ ಕೂಗಿದ. "ಮೆಟ್ಟಿಲಿದೆ, ನಾಲ್ಕು ಜನ ಹಿಡೀಬೇಕು."

ತಮ್ಮ, ಉದ್ದಣ್ಣ, ವ್ಯಾನಿನ ಡ್ರೈವರ್. ತಮ್ಮ ಆಚೆ ಗುಂಪಿನ ಕಡೆ ಹೆಜ್ಜೆ ಹಾಕಿದ. "ತಡಿ, ಯಾರನ್ನಾದ್ರೂ ಕರೀತೀನಿ."

"ಬೇಡ. ಅವರು ನಮ್ಮೋರಲ್ಲ."

ಅವಳೇ ಸ್ಟ್ರೆಚರಿನ ತಲೆಯ ಕಡೆಯ ಒಂದು ಹಿಡಿಗೆ ಕೈ ಹಾಕಿದಳು. ಗಂಡ ಎಷ್ಟು ಭಾರದ ಆಳೆಂದು ಅವಳಿಗೆ ಗೊತ್ತಿತ್ತು. ಉಸಿರು ಕಟ್ಟಿ, ಇದ್ದ ಬಲವನ್ನೆಲ್ಲ ಹಾಕಿ ಎತ್ತಿದಳು. ಆದರೆ ತಿಂಗಳುಗಟ್ಟಲೆ ಮಲಗಿದ್ದ ಆಸ್ಪತ್ರೆಯ ಮಂಚ ಅವರ ಮೈಯಲ್ಲಿ ಏನನ್ನೂ ಉಳಿಸಿರಲಿಲ್ಲ. ಅವಳ ಮೂಲೆ ಒಮ್ಮೆಲೇ ಮೇಲಕ್ಕೆ ಹೋಗಿ, ಗಂಡನ ತಲೆ ಅವಳಿಂದ ಆಚೆಗೆ ಹೊರಳಿತು.