ಒಂದೇ ಸಲದ ಪೈಪು

ಇಸ್ತ್ರಿಯಣ್ಣನಿಗೆ ಮತ್ತೆ ಚಳಿಜ್ವರ ಬಂತು. ಮನೆಯಲ್ಲಿದ್ದ ಕಂಬಳಿಗಳು ಸಾಲದೆ, ಗಿರಾಕಿಯೊಬ್ಬರು ಒಗೆಯಲು ಕೊಟ್ಟಿದ್ದ ರಜಾಯಿಯನ್ನೂ ಹೆಂಡತಿ ಅವನ ಮೇಲೆ ಹೊದಿಸಿದಳು. ಆಮೇಲೆ ಆಟೋ ಕರೆಸಿದಳು.

ಅವರದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಮಹಡಿಯಲ್ಲಿ ಬಟ್ಟೆ ಒಣಹಾಕುವ ತಂತಿ ಬಿಗಿಯಲು ಹೋಗಿ ಬಿದ್ದ ಮೇಲೆ ಅವನಿಗೆ ಸೊಂಟದ ಕೆಳಗೆ ಮುಟ್ಟಿದರೆ ತಿಳಿಯುವುದಿಲ್ಲ, ಮೂತ್ರ ತಾನಾಗಿ ಹೋಗುವುದಿಲ್ಲ. ಮೊದಮೊದಲು ಒಳಗೇ ಉಳಿಯುವ ಕಾಯಂ ಪೈಪು ಹಾಕಿ, ತುದಿಗೆ ಚೀಲ ಕಟ್ಟಿದ್ದರು. ಚೀಲ ಸೋರುತ್ತಿತ್ತು, ನಾರುತ್ತಿತ್ತು. ಗಿರಾಕಿಗಳು ಹೊಸ್ತಿಲಾಚೆ ನಿಂತೇ ಬಟ್ಟೆ ಎಸೆದು ಹೋಗುತ್ತಿದ್ದರು. ಸೋಂಕು, ಜ್ವರ, ಮಾತ್ರೆ, ಮತ್ತೆ ಸೋಂಕು. ಮಾತ್ರೆ ತಿಂದೂ ತಿಂದೂ ಒಳಗಿನ ಕ್ರಿಮಿಗಳು ಮಾತ್ರೆಗೆ ಕ್ಯಾರೇ ಅನ್ನದಂತಾದವು.

ಆಗ ಆಸ್ಪತ್ರೆಯವರು ಹೊಸ ಬಗೆಯ ಪೈಪು ಕೊಟ್ಟರು. ನೀರಿನಲ್ಲಿ ಅದ್ದಿದರೆ ಮೈಯೆಲ್ಲ ಲೋಳೆಯಾಗುತ್ತದೆ. ಒಳಗೆ ಉಜ್ಜುವುದಿಲ್ಲ, ಗಾಯ ಮಾಡುವುದಿಲ್ಲ, ಕ್ರಿಮಿಗೆ ಕಚ್ಚಿಕೊಳ್ಳಲು ಜಾಗ ಸಿಗುವುದಿಲ್ಲ. ಹೊತ್ತುಹೊತ್ತಿಗೆ ತಾನೇ ಹಾಕಿಕೊಂಡು, ಮೂತ್ರ ತೆಗೆದು, ಪೈಪು ಬಿಸಾಕಬೇಕು. ಚೀಲ ಹೋಯಿತು. ಮೇಜಿನ ಕಾಲು ಕುಯ್ಯಿಸಿ ಗಾಲಿಕುರ್ಚಿಯ ಎತ್ತರಕ್ಕೆ ತಂದರು. ಇಸ್ತ್ರಿಯಣ್ಣ ಮತ್ತೆ ಇಸ್ತ್ರಿ ಹಿಡಿದ. ಕಾಲರಿನ ಗೆರೆ ಸರಿಯಿಲ್ಲವೆಂದು ಹೆಂಡತಿಗೆ ಬೈಯುವಷ್ಟು ಚೇತರಿಸಿಕೊಂಡ. ಕೆಲವು ತಿಂಗಳು ಜ್ವರದ ಸುಳಿವಿರಲಿಲ್ಲ. ಆಮೇಲೆ ಒಮ್ಮೆ ಬಂತು. ಈಗ ಮತ್ತೆ.

ವಾರ್ಡಿನಲ್ಲಿ ಡಾಕ್ಟರಮ್ಮ ಲ್ಯಾಬಿನ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು. "ಈ ಸಲ ಸೂಜಿ ಮದ್ದಲ್ಲಿ ಇಳಿಸ್ತೀವಿ. ಆದ್ರೆ ಇದೂ ನಾಟದೆ ಹೋದ್ರೆ ನನ್ನ ಹತ್ರ ಮುಂದೆ ಕೊಡೋಕೆ ಏನೂ ಇಲ್ಲ. ಈ ಹೊಸ ಪೈಪು ನಿಮ್ಮ ಮೈಗೆ ಹಿಡೀಲಿಲ್ಲ ಅನ್ಸುತ್ತೆ. ನಾಳೆ ಹಳೇದೇ ಹಾಕಿಬಿಡೋಣ."

"ಚೀಲಾನಾ?" ಎಂದ ಅವನು.

"ಚೀಲಾನೇ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಹಾಗಾದ್ರೆ ಮೇಜು ಮಾರಿಬಿಡೇ. ನಾರೋ ಕೈಯಿಂದ ಇಸ್ತ್ರಿ ಮಾಡಿಸ್ಕೊಳ್ಳೋಕೆ ಯಾರು ಬರ್ತಾರೆ?"

ಹೆಂಡತಿ ಮಂಚದ ಕಂಬಿ ಹಿಡಿದು ನಿಂತಿದ್ದಳು. ಬಾಯಿ ಬಿಟ್ಟರೆ ಜ್ವರದ ತಪ್ಪು ತನ್ನ ತಲೆಗೆ ಬರುತ್ತದೆ, ಬಿಡದಿದ್ದರೆ ಚೀಲ ಅವನ ಮೈಗೆ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೊರಟಳು.

"ಮೇಡಂ, ಪೈಪಿಂದೇನೂ ತಪ್ಪಿಲ್ಲ," ಎಂದಳು ಹೆಂಡತಿ. "ನಾನು ಒಗೆದೆ."

"ಏನನ್ನ?"

"ಪೈಪನ್ನ. ಸೋಡಾ ಹಾಕಿದ ಬಿಸಿನೀರಲ್ಲಿ."

ಪಕ್ಕದ ಮಂಚದವನು ಕೆಮ್ಮುವ ನೆಪದಲ್ಲಿ ನಕ್ಕ. ಇಸ್ತ್ರಿಯಣ್ಣ ಜ್ವರದಲ್ಲೇ ಅರ್ಧ ಎದ್ದ.

"ಗಿರಾಕಿಗಳ ಪ್ಯಾಂಟ್ ಜೊತೆ ಹಾಕಿದ್ಯಾ?"

"ಬೇರೆ ಬಕೆಟ್‌ನಲ್ಲಿ ಕಣ್ರೀ. ಅಷ್ಟೂ ಗೊತ್ತಾಗಲ್ವಾ ನಂಗೆ?"

"ನಾನು ಹಾಕ್ಕೊಳ್ಳುವಾಗ ಜಾರ್ತಾನೇ ಇತ್ತಲ್ಲೇ."

"ಕಾಯಂ ಪೈಪಿಗೆ ಅಂತ ಕೊಟ್ಟಿದ್ದ ಹಳೇ ಜೆಲ್ಲಿ ಸವರಿ ಕೊಡ್ತಿದ್ದೆ."

ನರ್ಸ್ ಹಣೆ ಚಚ್ಚಿಕೊಂಡಳು. "ಒಂದು ಸಲ ಬಳಸಿ ಬಿಸಾಕು ಅಂತ ಬಾಯಿ ನೋಯೋ ಹಾಗೆ ಹೇಳಿದ್ನಲ್ಲಮ್ಮ."

"ಹೇಳಿದ್ರಿ ಸಿಸ್ಟರ್. ಮೊದಲು ಕೆಲವು ತಿಂಗಳು ಬಿಸಾಕ್ದೆ, ಆಮೇಲೆ ಕೈ ಬರಲಿಲ್ಲ. ಹರಿದಿಲ್ಲ, ಕಲೆ ಇಲ್ಲ. ನಾವು ಒಗೆಯೋರು. ಒಗೆದ್ರೆ ಹೋಗದ ಕೊಳೆ ಇದೆ ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರುತ್ತೆ."

ಡಾಕ್ಟರಮ್ಮ ನಗಲಿಲ್ಲ. ಹೆಂಡತಿಯ ಕೈಚೀಲದಲ್ಲಿದ್ದ ಒಗೆದ ಪೈಪನ್ನೂ ವಾರ್ಡಿನ ಹೊಸದೊಂದನ್ನೂ ನೀರಿನಲ್ಲಿ ಅದ್ದಿ ಅವಳ ಕೈಗಿತ್ತಳು. ಹೊಸದು ಬೆರಳ ಸಂದಿಯಿಂದ ಮೀನಿನ ಹಾಗೆ ನುಣುಚಿತು. ಒಗೆದದ್ದು ಕಿರ್ರ್ ಎಂದು ಅಂಟಿಕೊಂಡಿತು. ಅವಳು ಮತ್ತೊಮ್ಮೆ ಎಳೆದು ನೋಡಿದಳು.

"ಗಂಜಿ ಹೋದ ಬಟ್ಟೆ ಥರ," ಎಂದಳು ಮೆಲ್ಲಗೆ.

"ಅದೇ. ಆ ಲೋಳೆಯೇ ಮದ್ದು. ಅದನ್ನೇ ಒಗೆದು ಚರಂಡಿಗೆ ಬಿಟ್ಟಿದ್ದೀರಿ. ಒಳಗೆಲ್ಲ ತರಚಿದೆ, ಇವರಿಗೆ ನೋವು ಗೊತ್ತಾಗಲ್ಲ." ಡಾಕ್ಟರಮ್ಮ ಕೇಳಿದಳು, "ನಾವು ಕೊಟ್ಟ ಹೊಸವೆಲ್ಲ ಎಲ್ಲಿ?"

"ಟ್ರಂಕಿನಲ್ಲಿ. ಸೀರೆಗಳ ಕೆಳಗೆ."

"ಯಾಕೇ?" ಎಂದ ಗಂಡ.

"ಇವರು ಒಂದಿನ ಕೊಡೋದು ನಿಲ್ಲಿಸ್ತಾರೆ ಅಂತ. ಆಗ ನೀವು ಮತ್ತೆ ಚೀಲ ಕಟ್ಕೊಂಡು ಮಲಗ್ಬೇಕು. ಅದಕ್ಕೆ ಕೂಡಿಟ್ಟೆ. ನಿಲ್ಲಿಸಲ್ವಾ ಮೇಡಂ?"

ನಿಲ್ಲಿಸುವುದಿಲ್ಲ ಎಂದು ಹೇಳಬಹುದಿತ್ತು. ಡಾಕ್ಟರಮ್ಮ ಹೇಳಲಿಲ್ಲ. "ಗೊತ್ತಿಲ್ಲ. ನಿಲ್ಲಿಸಿದ್ರೆ ನಾನು ಮೇಲಿನವರ ಜೊತೆ ಜಗಳ ಆಡ್ಬೇಕು. ಪೈಪಿಂದ ಉಪಯೋಗ ಆಗಿದೆ ಅಂತ ತೋರಿಸಿದ್ರೆ ತಾನೇ ಜಗಳ ಆಡೋಕಾಗೋದು? ನೀವು ಒಗೆದು ಜ್ವರ ತರಿಸಿದ್ರೆ ನಾನೇನು ತೋರಿಸ್ಲಿ?"

ಕಾಯಂ ಪೈಪಿನ ಮಾತು ಅಲ್ಲಿಗೆ ನಿಂತಿತು. ಸೂಜಿ ಮದ್ದು ನಾಟಿತು. ಜ್ವರ ಇಳಿದರೂ ಇಸ್ತ್ರಿಯಣ್ಣ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ನೀರು ಬೇಕಾದರೂ ನರ್ಸನ್ನೇ ಕೇಳುತ್ತಿದ್ದ.

ಮನೆಗೆ ಬಂದ ದಿನ ಅವಳು ಟ್ರಂಕು ಬರಿದು ಮಾಡಿ, ಪೊಟ್ಟಣಗಳನ್ನೆಲ್ಲ ಅವನ ಕೈಗೆಟಕುವ ಗೂಡಿನಲ್ಲಿ ಜೋಡಿಸಿದಳು. ಗೂಡು ತುಂಬಿ, ಉಳಿದವು ಇಸ್ತ್ರಿಯಾದ ಅಂಗಿಗಳ ಪಕ್ಕ ಕುಳಿತವು.

"ಇಷ್ಟೊಂದಾ?" ಎಂದ ಅವನು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು. "ಇದರ ಮೇಲೆ ಕೂತು ನನಗೆ ಜ್ವರ ಬರಿಸಿದ್ಯಲ್ಲೇ."

"ಬೈಯ್ರಿ."

"ಬೈಯೋಕೂ ತ್ರಾಣ ಬೇಕು."

ಅವನು ಪೊಟ್ಟಣವೊಂದನ್ನು ತೆಗೆದುಕೊಂಡು ಪರದೆಯ ಹಿಂದೆ ಕುರ್ಚಿ ತಳ್ಳಿದ. ಅವಳು ಹೊರಗೆ ಅಂಗಿ ಮಡಿಸುತ್ತ ನಿಂತಳು. ಕೆಲಸ ಮುಗಿದ ಸದ್ದು ಕೇಳಿದ್ದೇ ತಡ, ಬಳಸಿದ ಪೈಪು ಇಸಿದುಕೊಳ್ಳಲು ರೂಢಿಯಂತೆ ಅವಳ ಕೈ ಪರದೆಯ ಸಂದಿಯಿಂದ ಒಳಗೆ ಹೋಯಿತು.

"ಕೈ ತೆಗಿಯೇ," ಎಂದ ಅವನು.

ಅವಳು ತೆಗೆದಳು. ಪೈಪು ಕಸದ ಡಬ್ಬಿಗೆ ಬಿದ್ದ ಸದ್ದಾಯಿತು. ಕಲೆಯಿಲ್ಲದ, ಹರಿಯದ ಪೈಪು. ಅವಳು ಮುಂದಿನ ಅಂಗಿ ಎತ್ತಿಕೊಂಡಳು.