ಕಂಠಪೂರ್ತಿ ತುಂಬಿಟ್ಟ ಕ್ಯಾನು

ಅಣ್ಣನ ಕಾರು ಟ್ರ್ಯಾಕಿನ ಅಂಚಿನಲ್ಲಿ ಸರದಿಗೆ ಕಾಯುತ್ತಿತ್ತು. ತಂಗಿ ವರ್ಷವಿಡೀ ಕೈಯಾರೆ ಜೋಡಿಸಿದ ಎಂಜಿನ್ನು ಇವತ್ತೇ ಮೊದಲ ಸಲ ಪೂರ್ತಿ ವೇಗಕ್ಕೆ ಓಡಬೇಕಿತ್ತು. ಅವಳು ಅದನ್ನು ರೇಸ್ ಪೆಟ್ರೋಲಿಗೆಂದೇ ಟ್ಯೂನ್ ಮಾಡಿದ್ದಳು. ಕಿಡಿ ಬೇಗ ಹಾರಬೇಕು, ಟರ್ಬೊ ಗಾಳಿಯನ್ನು ಒತ್ತೊತ್ತಿ ತುಂಬಬೇಕು. ಆ ಒತ್ತಡವನ್ನು ಸಾದಾ ಪೆಟ್ರೋಲು ತಾಳುವುದಿಲ್ಲ. ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ನನ್ನು ತೂತು ಮಾಡಿಬಿಡುತ್ತದೆ. ಬೆಳಗ್ಗೆ ಅವಳು ಚಕ್ರ ಬಿಗಿಯುತ್ತಿದ್ದಾಗ, ನೆಗಡಿಯಿಂದ ಮೂಗು ಕಟ್ಟಿದ್ದ ಅಣ್ಣನೇ ರೇಸ್ ಪೆಟ್ರೋಲಿನ ನೀಲಿ ಕ್ಯಾನನ್ನು ಟ್ಯಾಂಕಿಗೆ ಸುರಿದಿದ್ದ.

ಅಮ್ಮ ಊಟದ ಡಬ್ಬಿ ಹಿಡಿದು ಸ್ಕೂಟರಿನಲ್ಲಿ ಬಂದಿಳಿದಳು.

“ಏನ್ ಓಡ್ತು ಗೊತ್ತೇನೇ ಇವತ್ತು ನನ್ ಸ್ಕೂಟರ್! ಏರಲ್ಲೂ ಗಾಳಿ ಗಾಳಿ!”

ತಂಗಿಯ ಮೂಗರಳಿತು. ಸ್ಕೂಟರಿನ ಹೊಗೆಯಲ್ಲಿ ಒಂದು ಸಿಹಿ ವಾಸನೆ. ಮನೆಯ ಶೆಡ್ಡಿನಲ್ಲಿ ಆ ವಾಸನೆ ಬರುವುದು ಒಂದೇ ಕ್ಯಾನಿನಿಂದ.

“ಅಮ್ಮಾ, ನೀಲಿ ಕ್ಯಾನ್ ಮುಟ್ಟಿದ್ಯಾ?”

“ನಿನ್ನೆ ಸ್ಕೂಟರ್ ಖಾಲಿಯಾಗಿತ್ತು, ಅರ್ಧ ಸುರ್ಕೊಂಡೆ. ಯಾಕ್ ಹಂಗ್ ನೋಡ್ತೀಯ? ಬಂಕಿಂದ ತಂದು ಕಂಠಪೂರ್ತಿ ತುಂಬಿಟ್ಟಿದ್ದೀನಲ್ಲ!”

ಯಾವ ಕ್ಯಾನಿನಿಂದ ಏನು ತೆಗೆದರೂ ಮತ್ತೆ ತುಂಬಿಡಬೇಕು ಎಂಬುದು ಶೆಡ್ಡಿನಲ್ಲಿ ಅಪ್ಪ ಹಾಕಿದ ನಿಯಮ. ಅಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಅಣ್ಣನ ಮುಂದಿದ್ದ ಕಾರು ಹೊರಟೇಹೋಯಿತು. ಅವನು ಹೊರಡುವ ಗೆರೆಯತ್ತ ಸರಿದ. ಇಷ್ಟು ಜನರ ನಡುವೆ ಓಡಿಹೋಗುವುದೆಂದರೆ ತಂಗಿಗೆ ಜೀವ ಹಿಡಿಯಾಗುತ್ತಿತ್ತು. ಅಂಗಡಿಯಲ್ಲಿ ಚಿಲ್ಲರೆ ಕೇಳುವುದಕ್ಕೂ ನಾಚುವವಳು. ಆದರೆ ಕಾಲು ಅವಳನ್ನು ಕೇಳಲಿಲ್ಲ. ಓಡಿದವಳೇ ಬಾನೆಟ್ಟಿನ ಮೇಲೆ ಎರಡೂ ಅಂಗೈ ಬಡಿದಳು.

“ಅಣ್ಣಾ! ಆಫ್ ಮಾಡೋ!”

ತನ್ನ ದನಿಗೆ ತಾನೇ ಬೆಚ್ಚಿದಳು. ಬಾವುಟ ಹಿಡಿದವನ ಕೈ ಅಲ್ಲೇ ನಿಂತಿತು. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿದ.

“ಅಬ್ಬಬ್ಬಾ! ಇಷ್ಟು ದೊಡ್ಡ ಹಾರ್ನ್ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ?”

ಟ್ಯಾಂಕಿನಲ್ಲಿ ಅರ್ಧ ಸಾದಾ ಪೆಟ್ರೋಲೇ ಇದೆ ಎಂದು ಕೇಳಿದ ಮೇಲೆ ಅವನ ನಗು ಇಂಗಿತು. ಇಬ್ಬರೂ ಕಾರನ್ನು ಪಕ್ಕಕ್ಕೆ ತಳ್ಳಿದರು. ತಂಗಿ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಸಾದಾ ಪೆಟ್ರೋಲಿಗೆಂದು ಮೊದಲೇ ಮಾಡಿಟ್ಟಿದ್ದ ಟ್ಯೂನ್ ಹಾಕಿದಳು. ಟರ್ಬೊ ಒತ್ತಡ ಇಳಿಯಿತು, ಕಿಡಿ ತುಸು ತಡವಾಯಿತು. ಕೊನೆಯ ಸರದಿಯಲ್ಲಿ ಕಾರು ಹೊರಟಿತು. ತಂಗಿ ನೋಡಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟಳು. ಪೆಟ್ರೋಲು ಮುಂಚೆಯೇ ಸಿಡಿಯುವ ಟಕಟಕ ಎಲ್ಲೂ ಇಲ್ಲ. ಒಂದೇ ಎಳೆಯ ದನಿ ತಿರುವು ದಾಟಿ ದೂರ ಹೋಗಿ, ಹಾಗೇ ಹತ್ತಿರ ಬಂತು.

“ಕೊನೆಯಿಂದ ಎಣಿಸಿದ್ರೆ ನಾವೇ ಮುಂದೆ,” ಅಣ್ಣ ಹೆಲ್ಮೆಟ್ ತೆಗೆದ. “ಎಂಜಿನ್ ಮಾತ್ರ ಬೆಣ್ಣೆ ಕಣೇ.”

“ಉಳೀತಲ್ಲ, ಸಾಕು. ಮುಂದಿನ ಸಲ ಜೋರಾಗಿ ಓಡ್ಸು.”

ಅಮ್ಮನ ಮುಖ ಸಣ್ಣದಾಗಿತ್ತು. “ನನ್ನಿಂದ್ಲೇ ಹೀಗಾಯ್ತಲ್ಲ. ಆದ್ರೂ ನಿಮ್ಮ ಪೆಟ್ರೋಲಿಗೆ ನನ್ ಸ್ಕೂಟರ್ ಹಾರಿದ್ದು ಸುಳ್ಳಲ್ಲ ನೋಡು!”

ಆ ಪೆಟ್ರೋಲು ಸ್ಕೂಟರಿಗೆ ಕೊಡುವುದು ವಾಸನೆಯೊಂದನ್ನೇ ಎಂದು ತಂಗಿಗೆ ಗೊತ್ತಿತ್ತು. ಮೊನ್ನೆ ಅದರ ಕಾರ್ಬ್ಯುರೇಟರ್ ತೊಳೆದು, ಟೈರಿಗೆ ಗಾಳಿ ಹಾಕಿಟ್ಟವಳು ಅವಳೇ.

“ಹಾರ್ದೆ ಇರತ್ತಾ ಮತ್ತೆ!” ಎಂದು ಡಬ್ಬಿಯ ಮುಚ್ಚಳ ತೆರೆದಳು.